ಭೀಮಕ್ಕನ ಗಿರಣಿಯ ಐದು ವಾರ

ಭೀಮಕ್ಕನ ಬಲಗೈ ಮುರಿದದ್ದು ಗಿರಣಿಯಲ್ಲಲ್ಲ, ಮನೆಯ ಬಚ್ಚಲಿನಲ್ಲಿ. ಮೂವತ್ತು ವರ್ಷ ತಿರುಗುವ ಬೆಲ್ಟಿನ ಪಕ್ಕದಲ್ಲೇ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಓಡಾಡಿದವಳಿಗೆ ಏನೂ ಆಗಿರಲಿಲ್ಲ. ಕೊನೆಗೆ ಸಾಬೂನಿನ ಒಂದು ಚೂರು ಸಾಕಾಯಿತು. ಡಾಕ್ಟರು ಆರು ವಾರ ಎಂದು ಹೇಳಿ ಪ್ಲಾಸ್ಟರ್ ಹಾಕಿದರು.

ಕುಷ್ಟಗಿಯ ನಮ್ಮ ಓಣಿಗೆ ಅದೊಂದೇ ಹಿಟ್ಟಿನ ಗಿರಣಿ. ಬಜಾರಿನಲ್ಲಿ ಹೊಸದೊಂದು ಶುರುವಾಗಿದೆ. ಅವರು ಮನೆ ಬಾಗಿಲಿಗೇ ಆಟೋ ಕಳಿಸಿ ಜೋಳದ ಡಬ್ಬಿ ಒಯ್ಯುತ್ತಾರೆ. ಆರು ವಾರ ನಮ್ಮ ಡಬ್ಬಿಗಳು ಆ ಆಟೋ ಹತ್ತಿದರೆ ಮತ್ತೆ ಇತ್ತ ಬರುವುದಿಲ್ಲ, ಗಂಡ ತೀರಿದ ಮೇಲೆ ಭೀಮಕ್ಕ ಒಬ್ಬಳೇ ನಡೆಸಿದ ಗಿರಣಿಗೆ ಬೀಗ ಬೀಳುತ್ತದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಹಾಗಾಗಿ ಓಣಿಯವರೇ ಸೇರಿ ಗಿರಣಿ ನಡೆಸುವುದೆಂದು ತೀರ್ಮಾನವಾಯಿತು. ನಾನು ನಿವೃತ್ತ ಸರ್ವೇಯರ್. ಅಳತೆ ಬಲ್ಲವನೆಂದು ಕಲ್ಲು ಹೊಂದಿಸುವ ಕೆಲಸ ನನಗೆ ವಹಿಸಿದರು. ಪಕ್ಕದ ಮನೆಯ ಹಸೀನಾಬೇಗಂ ಜೋಳ ಸುರಿಯುವುದು, ನನ್ನ ಹೆಂಡತಿ ಶೇಖರಮ್ಮ ಡಬ್ಬಿಗಳ ಪಾಳಿ ನೋಡುವುದು.

ಬೀಸುವ ಎರಡು ಕಲ್ಲುಗಳ ನಡುವಿನ ಸಂದನ್ನು ಹೆಚ್ಚುಕಡಿಮೆ ಮಾಡಲು ಒಂದು ಕೈಚಕ್ರವಿದೆ. ಭೀಮಕ್ಕ ಬೀಳುವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ಅದನ್ನು ತಿರುಗಿಸುತ್ತಿದ್ದಳು. ಮೂವತ್ತು ವರ್ಷ ಒಂದು ಗುರುತೂ ಹಾಕದೆ ಕೆಲಸ ಮಾಡಿದ್ದು ಕಂಡು ನನಗೆ ಸಿಟ್ಟೇ ಬಂತು. ಸೀಮೆಸುಣ್ಣದಿಂದ ಗೆರೆ ಎಳೆದು, ಜೋಳಕ್ಕೆ ಎರಡೂವರೆ ಸುತ್ತು ಎಂದು ನಿಗದಿ ಮಾಡಿದೆ. ಹಿಟ್ಟು ನುಣ್ಣಗೆ ಬಂತು. ಕೈ ಸುಡುವಷ್ಟು ಬಿಸಿಯೂ ಇತ್ತು. ಬಿಸಿ ಇದ್ದಷ್ಟೂ ತಾಜಾ ಎಂದು ನಾನೇ ಎಲ್ಲರಿಗೂ ವಿವರಿಸಿದೆ.

ಅಷ್ಟು ಕಾದರೆ ಹಿಟ್ಟಿನ ಜಿಗಿ ಹೋಗುತ್ತದೆ, ಜಿಗಿ ಹೋದ ಹಿಟ್ಟು ಒಂದಕ್ಕೊಂದು ಅಂಟುವುದಿಲ್ಲ ಎಂಬುದು ನನಗೆ ಊಟಕ್ಕೆ ಕೂತಾಗ ತಿಳಿಯಿತು. ಶೇಖರಮ್ಮ ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಮೂರು ತುಂಡಾಗಿತ್ತು. ಅವಳು ತುಂಡುಗಳನ್ನು ತಾಟಿನಲ್ಲಿ ದುಂಡಗೆ ಜೋಡಿಸಿಕೊಟ್ಟಳು.

"ಹೊರಗ ಎಲ್ಲೂ ಅನ್ನಬ್ಯಾಡ್ರಿ," ಎಂದಳು.

ಮರುದಿನ ಸಂದು ಹಿಗ್ಗಿಸಿದೆ. ನುಚ್ಚು ಬಂತು. ಇವೆರಡರ ನಡುವಿನ ಹದ ಎಷ್ಟು ದಿನವಾದರೂ ನನ್ನ ಕೈಗೆ ಹತ್ತಲಿಲ್ಲ.

ಓಣಿಯಲ್ಲಿ ಯಾರೂ ಚಕಾರವೆತ್ತಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಪ್ರತಿ ಮನೆಯಲ್ಲೂ ಶುರುವಾಗಿ ನಡುವೆಯೇ ನಿಲ್ಲುತ್ತಿತ್ತು, ಅಷ್ಟೆ. ಎದುರುಮನೆಯ ಕಳಕಪ್ಪ ಹಲ್ಲಿನ ಸೆಟ್ಟು ತೆಗೆದಿಟ್ಟು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣತೊಡಗಿದ. ಆದರೂ ಒಂದು ಡಬ್ಬಿಯೂ ಆಟೋ ಹತ್ತಲಿಲ್ಲ. ಗಿರಣಿ ನಡೆಸಿದೆವು ಎಂದು ನಾವು ಹೇಳಿಕೊಂಡರೆ ಸುಳ್ಳಾದೀತು. ಕೆಟ್ಟ ರೊಟ್ಟಿ ತಿಂದೆವು. ನಮ್ಮಿಂದಾದ ಸಹಾಯ ಅದು.

ಭೀಮಕ್ಕ ದಿನಾ ಸಂಜೆ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು: "ಹಿಟ್ಟು ಹೆಂಗ ಬರಾಕತ್ತೈತ್ರಿ, ಸರ?"

"ಭಾಳ ಛಲೋ ಬರಾಕತ್ತೈತಿ. ನೀ ಆರಾಮ ಮಾಡವಾ."

ಅವಳ ಮನಸ್ಸಿಗೆ ನೋವಾಗಬಾರದೆಂದು ಇಡೀ ಓಣಿ ಅದೇ ಮಾತು ಹೇಳಿತು. ಅವಳ ಊಟಕ್ಕೂ ಸರದಿಯಲ್ಲಿ ಅನ್ನ-ಸಾರನ್ನೇ ಕಳಿಸಿದೆವು, ರೊಟ್ಟಿ ಕಳಿಸಲಿಲ್ಲ. ನಾಲ್ಕನೆಯ ವಾರ ಅವಳು ಕೇಳುವುದನ್ನು ಬಿಟ್ಟಳು. ನೋವು ಕಡಿಮೆಯಾಗಿರಬೇಕು ಎಂದುಕೊಂಡೆವು.

ಐದನೆಯ ವಾರ ಶ್ರೀರಾಮನಗರದಿಂದ ಅವಳ ಮಗಳು ಲಲಿತಾ ಬಂದಳು. ಭೀಮಕ್ಕ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಳೆಂದು ಹಸೀನಾಬೇಗಂ ಓಡಿಬಂದು ಹೇಳಿದಾಗ ನಾನು ಮಷೀನು ಬಂದ್ ಮಾಡಿ ಹೋದೆ.

"ನಾ ಇಲ್ದನೂ ಛಲೋ ನಡದೈತಲ್ರಿ," ಎಂದಳು ಭೀಮಕ್ಕ. "ಗಿರಣಿ ನೀವ ನಡಸ್ರಿ. ನಾ ಮಗಳ ಮನ್ಯಾಗ ಇರ್ತೀನಿ."

ಶ್ರೀರಾಮನಗರ ಕಾಲುವೆಯ ಸೀಮೆ, ಮೂರು ಹೊತ್ತೂ ಅನ್ನ. ಅಲ್ಲಿ ಇವಳು ಏನು ಬೀಸುತ್ತಾಳೆ? ನನಗೆ ತಲೆ ಎತ್ತಲಾಗಲಿಲ್ಲ. ಬಜಾರಿನವರು ಕಸಿದುಕೊಳ್ಳದಂತೆ ಕಾಯಲು ಹೋಗಿ, ಗಿರಣಿಯನ್ನು ಅವಳ ಕೈಯಿಂದ ನಾವೇ ಕಸಿದುಕೊಂಡಿದ್ದೆವು.

ಶೇಖರಮ್ಮ ಮನೆಗೆ ಹೋಗಿ, ಅಂದು ಬೆಳಗ್ಗೆ ಮಾಡಿದ ರೊಟ್ಟಿಯನ್ನು ತಾಟಿನಲ್ಲಿ ತಂದು ಭೀಮಕ್ಕನ ಮುಂದಿಟ್ಟಳು. ಅದನ್ನು ನೋಡಿ ಹಸೀನಾಬೇಗಂ ತನ್ನದನ್ನು ತಂದಳು. ಕಳಕಪ್ಪ ನೆನೆಸದ ಒಂದನ್ನು ತಂದ. ಸ್ವಲ್ಪ ಹೊತ್ತಿನಲ್ಲಿ ಕಟ್ಟೆಯ ಮೇಲೆ ಏಳು ತಾಟುಗಳಾದವು. ಯಾವ ತಾಟಿನಲ್ಲೂ ಇಡೀ ರೊಟ್ಟಿ ಇರಲಿಲ್ಲ.

ಭೀಮಕ್ಕ ಎಡಗೈಯಿಂದ ಒಂದು ಚೂರು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಲಲಿತಾ ನೀರು ಕೊಟ್ಟಳು.

"ಐದು ವಾರ ಇದನ್ನ ತಿಂದೀರಿ?"

"ಹೂಂ," ಎಂದಳು ಶೇಖರಮ್ಮ.

"ಎಲ್ಲಾರೂ?"

"ಎಲ್ಲಾರೂ."

"ಕಲ್ಲು ಯಾರು ಹೊಂದಸ್ಯಾರ?"

"ನಾನ," ಎಂದೆ.

ಅವಳು ನನ್ನನ್ನೇ ನೋಡಿದಳು. "ಸರ, ನಮ್ಮ ಹೊಲಾ ಅಳದವ್ರೂ ನೀವ ಏನ್ರಿ?"

ಯಾರೂ ನಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

"ಕೈ ಮುರದಾಗ ನಾ ಅತ್ತಿಲ್ಲ," ಎಂದಳು. "ಛಲೋ ಬರಾಕತ್ತೈತಿ ಅಂತ ನೀವು ಅಂದಾಗೆಲ್ಲ ಒಳಗ ಹೋಗಿ ಅತ್ತೀನಿ."

ಚೀಲವನ್ನು ಒಳಗಿಡಲು ಮಗಳಿಗೆ ಹೇಳಿದಳು. ಆಮೇಲೆ ಎರಡನೆಯ ತಾಟನ್ನು ಹತ್ತಿರ ಎಳೆದುಕೊಂಡಳು. ನಾವು ಬೇಡವೆಂದರೂ ಕೇಳದೆ, ಏಳೂ ಮನೆಯ ರೊಟ್ಟಿ ತಿಂದು ಮುಗಿಸಿಯೇ ಮೇಲೆದ್ದಳು.