ಖಾಲಿ ಕೋಣೆಯ ಸದ್ದು

ಬೇರೆಯವರ ಬದುಕಿನ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ, ರೆಕಾರ್ಡ್ ಮಾಡಿ, ಚೊಕ್ಕ ಮಾಡಿ ಮನೆಯವರ ಕೈಗೆ ಕೊಡುವುದು ನನ್ನ ಕಸುಬು. ಔಷಧಿ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಕಂಪ್ಯೂಟರು, ಎರಡು ಮೈಕು. ನನ್ನ ಕಾರ್ಖಾನೆ ಇಷ್ಟೇ. ಹೇಳುವವರೆಲ್ಲ ಹೆಚ್ಚುಕಡಿಮೆ ಒಂದೇ ರಾಗ ಹಾಡುತ್ತಾರೆ: ಬರಿಗಾಲಲ್ಲಿ ಶಾಲೆಗೆ ಹೋದೆ, ಯಾರ ಹಂಗಿಲ್ಲದೆ ಮೇಲೆ ಬಂದೆ, ಸೊಸೆ ಮಾತ್ರ ಸರಿಯಿಲ್ಲ. ಸೊಸೆಯನ್ನು ನಾನೇ ಕತ್ತರಿಸಿ ಹಾಕುತ್ತೇನೆ. ಮುದುಕರು ಹೇಳಿ ಹೋಗಿಬಿಡುತ್ತಾರೆ, ಆಮೇಲಿನ ರಂಪಕ್ಕೆ ಸಿಗುವವಳು ನಾನು.

ಕತ್ತರಿಸುವುದು ಸುಲಭ, ತೇಪೆ ಹಾಕುವುದು ಕಷ್ಟ. ಕೆಮ್ಮನ್ನೋ ಬಿಕ್ಕಳಿಕೆಯನ್ನೋ ತೆಗೆದ ಜಾಗವನ್ನು ಹಾಗೇ ಬಿಟ್ಟರೆ ಕೇಳುವವರ ಕಿವಿ ಗುಂಡಿಗೆ ಬಿದ್ದ ಹಾಗಾಗುತ್ತದೆ. ಅಲ್ಲಿಗೆ ಆ ಕೋಣೆಯದೇ ಮೌನವನ್ನು ತುಂಬಬೇಕು. ಮೌನದಲ್ಲೇನು ಮಹಾ ವ್ಯತ್ಯಾಸ ಎನ್ನಬೇಡಿ. ಫ್ಯಾನು, ಫ್ರಿಜ್ಜು, ಬೀದಿಯ ಗುಂಯ್ ಎನ್ನುವ ಸದ್ದು ಎಲ್ಲ ಸೇರಿ ಒಂದೊಂದು ಕೋಣೆಗೂ ಅದರದೇ ಮೌನವಿರುತ್ತದೆ. ಅದಕ್ಕೇ ಯಾರ ಮನೆಗೆ ಹೋದರೂ ಮೊದಲು ಎಲ್ಲರ ಬಾಯಿ ಮುಚ್ಚಿಸಿ, ಖಾಲಿ ಕೋಣೆಯನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಅಂಥ ಮೌನಗಳು ನನ್ನ ಕಂಪ್ಯೂಟರಿನಲ್ಲಿ ರಾಶಿ ಬಿದ್ದಿವೆ. ಕಥೆ ಹೇಳಿದವರಲ್ಲಿ ಅರ್ಧಕ್ಕರ್ಧ ಜನ ಈಗ ಇಲ್ಲ. ಒಬ್ಬಳೇ ಕೂತು ಕೆಲಸ ಮಾಡುವಾಗ ಥಟ್ಟನೆ ಹೆಡ್‌ಫೋನು ಕಿತ್ತು ಹಿಂದೆ ತಿರುಗಿ ನೋಡುವ ಅಭ್ಯಾಸ ನನಗಿದೆ. ನಗಬೇಡಿ. ನೀವು ಈ ಕುರ್ಚಿಯಲ್ಲಿ ಕೂತಿದ್ದರೂ ತಿರುಗುತ್ತಿದ್ದಿರಿ.

ಬೀಗ ರಿಪೇರಿಯ ಯಜಮಾನರ ಕಥೆಯನ್ನು ರೆಕಾರ್ಡ್ ಮಾಡಿಸಿದ್ದು ಅವರ ಮಗಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ತಂದೆ ಮಗಳು ಇಬ್ಬರೇ. ಯಜಮಾನರ ಹೃದಯ ಕೈಕೊಡತೊಡಗಿ, ಮಾತ್ರೆಯ ಮೇಲೆ ದಿನ ತಳ್ಳುತ್ತಿದ್ದರು. ನಾನು ಹೋದಾಗ ಮಗಳು ಕೆಲಸಕ್ಕೆ ಹೋಗಿದ್ದಳು. ನಡುಮನೆಯಲ್ಲಿ ನಾವಿಬ್ಬರೇ ಎದುರುಬದುರು ಕೂತೆವು. ನನ್ನ ಬೆನ್ನು ಅಡುಗೆಮನೆಯ ಬಾಗಿಲಿಗೆ.

ಯಜಮಾನರು ಮಾತಿನ ಮಲ್ಲ. ನಗಿಸಿ ನಗಿಸಿ ನನ್ನ ಹೊಟ್ಟೆ ಹುಣ್ಣು ಮಾಡಿದರು. ಹೆಂಡತಿಯ ಮಾತು ಬಂದಾಗ ಮಾತ್ರ ದನಿ ಇಳಿಯಿತು.

"ನಮ್ಮವಳು ಸಿಟ್ಟು ಬಂದ್ರೆ ಬೈತಿರ್ಲಿಲ್ಲ ತಾಯಿ, ಮಾತು ಬಿಡ್ತಿದ್ಲು. ಸಿಟ್ಟಿಳಿದ ಮೇಲೂ ಬನ್ನಿ ಊಟಕ್ಕೆ ಅಂತ ಕರಿಯೋಕೆ ಬಿಗುಮಾನ. ಅಡುಗೆಮನೇಲಿ ನಿಂತು ಎರಡು ಸಲ ಗಂಟಲು ಸರಿ ಮಾಡ್ಕೊಳ್ಳೋಳು. ನಾನು ಎದ್ದು ಹೋಗ್ತಿದ್ದೆ. ಅಷ್ಟೇ, ರಾಜಿ."

ಕೊನೆಯ ದಿನವೂ ಜಗಳವಾಗಿತ್ತಂತೆ. ನಂಗೆ ಮೈ ಸರಿಯಿಲ್ಲ, ಇವತ್ತು ಅಂಗಡಿ ತೆಗೀಬೇಡಿ ಎಂದು ಅವಳು ಹೇಳಿದ್ದಳು. ಯಾರದೋ ಬೀರು ತೆಗೆದುಕೊಡಲು ಇವರು ಹೊರಟುಬಿಟ್ಟರು. ಮಧ್ಯಾಹ್ನ ಬಂದಾಗ ಬಾಗಿಲು ಒಳಗಿನಿಂದ ಹಾಕಿತ್ತು. ಕರೆದರೆ ಉತ್ತರವಿಲ್ಲ.

"ಊರವರ ಬೀಗವೆಲ್ಲ ತೆಗ್ದಿದೀನಿ. ಅವತ್ತು ಕೈ ನಡುಗಿ ನಮ್ಮನೆ ಬೀಗ ತೆಗಿಯೋಕಾಗ್ಲಿಲ್ಲ. ಪಕ್ಕದ ಮನೆಯವರು ಬಾಗಿಲು ಒಡೆದ್ರು. ಅಡುಗೆಮನೇಲೇ ಬಿದ್ದಿದ್ಲು. ಸಿಟ್ಟಲ್ಲೇ ಹೋಗ್ಬಿಟ್ಲು. ನನ್ನನ್ನ ಕರೀಲೇ ಇಲ್ಲ."

ಆಮೇಲೆ ಅವರು ಅತ್ತರು. ಗಂಡಸರು ಅಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ.

ಅಳುವನ್ನು ನಾನು ಯಾರಿಗೂ ಮಾರುವುದಿಲ್ಲ. ಅದನ್ನು ಪೂರ್ತಿ ಕತ್ತರಿಸಿದೆ. ತೇಪೆಗೆ ಆ ಮನೆಯ ಮೌನವನ್ನು ಹುಡುಕಿದರೆ, ಮಾತು ಶುರುವಾಗುವ ಮೊದಲು ಮೇಲಿನ ಮನೆಯವರು ಗೋಡೆ ಕೊರೆಯುತ್ತಿದ್ದ ಸದ್ದು ಅದರ ತುಂಬಾ. ಕೆಲಸಕ್ಕೆ ಬಾರದು. ರಾಶಿಯಲ್ಲಿ ಕೈಯಾಡಿಸಿ ಅದೇ ಬಗೆಯ ಫ್ಯಾನಿನ ಸದ್ದಿದ್ದ ಬೇರೊಂದು ಮನೆಯ ಹಳೇ ಮೌನವನ್ನು ಎತ್ತಿ, ಮೊದಲ ತುಣುಕು ಕೇಳಿ, ಸರಿಹೋಯಿತೆಂದು ಬೇಕಾದಷ್ಟು ಉದ್ದ ಕತ್ತರಿಸಿ ಅಂಟಿಸಿದೆ. ಕೊನೆಯವರೆಗೆ ಕೇಳಲಿಲ್ಲ. ಮೌನವನ್ನು ಯಾರು ಪೂರ್ತಿ ಕೇಳುತ್ತಾರೆ?

ರೆಕಾರ್ಡಿಂಗ್ ಕೊಟ್ಟು ಹದಿನೈದು ದಿನವಾಗಿರಬೇಕು, ಒಂದು ಬೆಳಿಗ್ಗೆ ಮಗಳು ಮೆಟ್ಟಿಲು ಹತ್ತಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಅವತ್ತು ಮನೇಲಿ ನೀವಿಬ್ರೇ ಇದ್ರಿ ಅಲ್ವಾ?"

"ಹೌದಲ್ಲ, ಯಾಕೆ?"

"ಅಡುಗೆಮನೇಲಿ ಯಾರಿದ್ರು ಹಾಗಾದ್ರೆ?"

ಅವಳು ತನ್ನ ಫೋನಿನಲ್ಲಿ ಆ ಜಾಗವನ್ನು ಹಾಕಿ ಕೇಳಿಸಿದಳು. "ನನ್ನನ್ನ ಕರೀಲೇ ಇಲ್ಲ" ಎನ್ನುತ್ತಾರೆ ಯಜಮಾನರು. ಮೌನ. ಫ್ಯಾನಿನ ಸದ್ದು. ಆಮೇಲೆ ದೂರದಲ್ಲಿ, ಪಕ್ಕದ ಕೋಣೆಯಿಂದೆಂಬಂತೆ, ಒಂದು ಹೆಂಗಸು ಗಂಟಲು ಸರಿಮಾಡಿಕೊಳ್ಳುತ್ತಾಳೆ. ಎರಡು ಸಲ.

"ಅಮ್ಮಂದೇ ಅನ್ಸತ್ತೆ. ಇನ್ನೊಂದು ಸಲ ಕೇಳಿದ್ರೆ ಅಲ್ಲ ಅನ್ಸತ್ತೆ. ಅಪ್ಪಂಗೆ ಮಾತ್ರ ಅನುಮಾನಾನೇ ಇಲ್ಲ. ಕರೆದ್ಲು, ಇನ್ನು ಎದ್ದು ಹೋಗ್ಬೇಕು ಅಂತಾರೆ. ಐದು ದಿನದಿಂದ ಮಾತ್ರೆ ಮುಟ್ಟಿಲ್ಲ. ಬೇಡಿಕೊಂಡ್ರೆ ನಗ್ತಾರೆ ಅಕ್ಕಾ. ಮದುವೆ ಗಂಡಿನ ಹಾಗೆ ಕ್ಷೌರ ಮಾಡಿಸ್ಕೊಂಡು ಕೂತಿದಾರೆ. ಡಾಕ್ಟರು, ಇನ್ನು ನಾಲ್ಕು ದಿನ ಹೀಗೇ ಬಿಟ್ರೆ ನನ್ನ ಕೈಲಿಲ್ಲ ಅಂದ್ರು."

ಸಂಜೆ ಬರುತ್ತೇನೆಂದು ಅವಳನ್ನು ಕಳಿಸಿ, ಬಾಗಿಲು ಹಾಕಿಕೊಂಡು ಕೂತೆ. ನಿಜ ಹೇಳುತ್ತೇನೆ, ಹೆದರಿದ್ದೆ. ಅಂದು ನನ್ನ ಬೆನ್ನ ಹಿಂದೆ ಯಜಮಾನರ ಹೆಂಡತಿ ನಿಂತಿದ್ದಳೇ ಎಂಬ ಯೋಚನೆಗೆ ಕತ್ತಿನ ಹಿಂಭಾಗ ತಣ್ಣಗಾಯಿತು. ತೇಪೆಯ ನೆನಪಾದದ್ದು ಎಷ್ಟೋ ಹೊತ್ತಿನ ಮೇಲೆ. ಅಲ್ಲಿ ಅಂಟಿಸಿದ ಮೌನ ಯಾವುದೆಂದು ಹುಡುಕಿ ತೆಗೆದೆ. ಅದು ಯಾವ ಗಿರಾಕಿಯ ಮನೆಯದೂ ಅಲ್ಲ. ನಮ್ಮ ಮನೆಯದು.

ಮೈಕು ಹೊಸದಾಗಿ ತಂದಾಗ ಪರೀಕ್ಷೆಗೆಂದು ನಮ್ಮ ನಡುಮನೆಯನ್ನೇ ರೆಕಾರ್ಡ್ ಮಾಡಿದ್ದೆ. ಅಮ್ಮ ಪಕ್ಕದ ಕೋಣೆಯಲ್ಲಿದ್ದಳು. ಅಮ್ಮ ಮೈಕು ಕಂಡರೆ ಹಾವು ಕಂಡಂತೆ ಮಾರು ದೂರ ಹೋಗುವವಳು. ನಿನ್ನ ಕಥೆಯನ್ನೂ ಹೇಳೇ ಎಂದು ಎಷ್ಟು ಗೋಗರೆದರೂ ಬಗ್ಗಲಿಲ್ಲ. ನನ್ನದೇನಿದೆ ಮಣ್ಣು, ನಿನ್ನ ಗಿರಾಕಿಗಳನ್ನ ನೋಡ್ಕೋ ಹೋಗು ಎಂದು ಗದರುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಾಗ ಊರಿನವರ ದನಿಯೆಲ್ಲ ನನ್ನ ಬಳಿ ಇತ್ತು, ಹೆತ್ತವಳದು ಒಂದು ಚೂರೂ ಇರಲಿಲ್ಲ. ಇರಲಿಲ್ಲ ಎಂದುಕೊಂಡಿದ್ದೆ.

ಈಗ ಪೂರ್ತಿ ಕೇಳಿದೆ. ಫ್ಯಾನು. ಗಂಟಲಿನ ಸದ್ದು, ಎರಡು ಸಲ. ಮತ್ತೆ ಫ್ಯಾನು. ಕೊನೆಯಲ್ಲಿ, ನಿಲ್ಲಿಸುವ ಮೊದಲು, ಅಮ್ಮ ಕೂಗುತ್ತಾಳೆ: "ಆಯ್ತೇನೇ? ಇನ್ನು ಉಸಿರಾಡ್ಬಹುದಾ?"

ಹೆಡ್‌ಫೋನು ಕಿತ್ತು ಹಿಂದೆ ತಿರುಗಿದೆ. ಯಾರಿರುತ್ತಾರೆ? ಗೋಡೆ, ಕಪಾಟು, ನನ್ನ ಕೊಡೆ. ಮೇಜಿನ ಮೇಲೆ ತಲೆಯಿಟ್ಟು ಸಣ್ಣ ಹುಡುಗಿಯ ಹಾಗೆ ಅತ್ತೆ. ಸಂಕಟಕ್ಕೆ ಅತ್ತೆನೋ ಸಂತೋಷಕ್ಕೋ ನನಗೇ ತಿಳಿಯಲಿಲ್ಲ.

ಸಂಜೆ ಯಜಮಾನರ ಮನೆಗೆ ಹೊರಟವಳು ಮೆಟ್ಟಿಲ ಮೇಲೇ ನಿಂತೆ. ಆ ಮನುಷ್ಯನ ಎದೆಯ ಮೇಲಿನ ಬಂಡೆ ಇಳಿದಿದೆ, ನಗುತ್ತಿದ್ದಾರೆ. ಅದನ್ನು ಮತ್ತೆ ಹೊರಿಸಲು ನಾನ್ಯಾರು? ಸುಮ್ಮನಿದ್ದರೆ ನೆಮ್ಮದಿಯಾಗಿ ಸಾಯುತ್ತಾರೆ. ಹೇಳಿದರೆ ಬದುಕಿಯಾರು, ಬೇಯುತ್ತಾ. ಆದರೆ ಅವರನ್ನು ಕರೆದದ್ದು ಅವರ ಹೆಂಡತಿಯಲ್ಲ. ನನ್ನ ತಪ್ಪು ತೇಪೆಗೆ ಒಬ್ಬರು ಪ್ರಾಣ ಬಿಡುವುದನ್ನು ನೋಡಿಕೊಂಡು ನಾನು ಊಟ ಮಾಡುವುದು ಹೇಗೆ?

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಪಾದಗಳು ಊದಿಕೊಂಡಿದ್ದವು, ಮುಖ ಮಾತ್ರ ಬೆಳಗುತ್ತಿತ್ತು.

"ಬನ್ನಿ ತಾಯಿ. ನಿಮ್ಮ ಉಪಕಾರ ಸತ್ತರೂ ಮರಿಯಲ್ಲ," ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ನಾನು ಸುತ್ತಿ ಬಳಸಿ ಹೇಳುವವಳಲ್ಲ. "ಅದು ನಿಮ್ಮ ಯಜಮಾನ್ತಿ ಅಲ್ಲ, ನಮ್ಮಮ್ಮ," ಎಂದೆ. ಕತ್ತರಿಸಿದ್ದು, ತೇಪೆ, ಎಲ್ಲ ಹೇಳಿದೆ.

ಅವರು ಮಗಳ ಕಡೆ ನೋಡಿದರು. "ಇವಳು ಹೇಳಿಕೊಟ್ಟಿದಾಳೆ. ನಾನು ಮಾತ್ರೆ ನುಂಗ್ಲಿ ಅಂತ ನೀವಿಬ್ರೂ ಸೇರಿ ನಾಟಕ ಹೂಡಿದೀರ. ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿ ಗಂಟಲು ಗೊತ್ತಾಗಲ್ವಾ?"

ಮಾತು ಬೆಳೆಸದೆ ಫೋನನ್ನು ಅವರ ಮುಂದಿಟ್ಟು, ನಮ್ಮ ಮನೆಯ ಮೌನವನ್ನು ಹಾಕಿದೆ. ಗಂಟಲಿನ ಸದ್ದು ಬಂದಾಗ ಯಜಮಾನರು ಕಣ್ಣು ಮುಚ್ಚಿದರು. ತುಟಿಯ ಮೇಲೆ ಆ ನಗು ಹಾಗೇ ಇತ್ತು. ಆಮೇಲೆ ಅಮ್ಮ ಮಾತಾಡಿದಳು. ಅಪರಿಚಿತ ಹೆಂಗಸಿನ, ತಮಾಷೆಯ, ಜೀವ ತುಂಬಿದ ದನಿ.

ಅವರು ಕಣ್ಣು ತೆರೆಯಲಿಲ್ಲ. ನಗು ಮಾತ್ರ ಸ್ವಲ್ಪ ಸ್ವಲ್ಪವೇ ಇಳಿದುಹೋಯಿತು. ಆ ಮನುಷ್ಯನ ಹೆಂಡತಿ ಎರಡನೆಯ ಸಲ ಸಾಯುವುದನ್ನು ನಾನು ಎದುರಿಗೆ ಕೂತು ನೋಡಿದೆ.

"ನಿಮ್ಮ ತಾಯಿ ಇದಾರಾ?" ಎಂದರು.

"ಇಲ್ಲ. ಹೋದ ವರ್ಷ ಹೋದ್ರು."

"ಒಳ್ಳೇ ದನಿ," ಎಂದರು. ಎರಡೂ ಅಂಗೈಯಿಂದ ಮುಖ ಒರೆಸಿಕೊಂಡರು. "ಹಾಗಾದ್ರೆ ನಮ್ಮವಳು ಇನ್ನೂ ಕರೆದಿಲ್ಲ."

ಮಗಳು ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟಳು.

"ಕರಿಯದೆ ಹೋದ್ರೆ ಒಳಗೆ ಸೇರಿಸಲ್ಲ ಅವಳು. ಅವಳ ಸಿಟ್ಟು ನಿಂಗೆ ಗೊತ್ತಿಲ್ಲ ಮಗಳೇ," ಎಂದು ಅವರು ಕೈ ಚಾಚಿದರು. "ಮಾತ್ರೆ ಕೊಡು."

ಮಗಳು ನೀರಿಗೆ ಓಡಿದಳು. ಮಾತ್ರೆ ನುಂಗಿ ಲೋಟ ಕೆಳಗಿಟ್ಟ ಯಜಮಾನರು ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿಸಿಕೊಂಡು ಕೂತರು.