ಪಂಜರದ ಸಾಕ್ಷಿ

ಅಲ್ಲ ಮಾರಾಯ್ರೆ, ಇಂಗ್ಲೆಂಡಿನ ಬ್ಯಾಡ್ಜರ್ ಎಂಬ ಪ್ರಾಣಿಗೂ ನನ್ನ ಸಂಸಾರಕ್ಕೂ ಏನು ಸಂಬಂಧ? ಯಾರಾದರೂ ಹೇಳಲಿ ನೋಡೋಣ.

ನಾನು ನಿತ್ಯಾನಂದ, ಕುಂದಾಪುರದವನು. ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕೆಲಸ. ಹೆಂಡತಿ ಕೃಪಾ ಕೊಚ್ಚಿಯ ಐಟಿ ಕಂಪೆನಿಯಲ್ಲಿದ್ದಾಳೆ. ಮಗಳು ಮೇಧಾ ಅವಳ ಜೊತೆ ಕಲೂರಿನ ಬಾಡಿಗೆ ಫ್ಲ್ಯಾಟಿನಲ್ಲಿ. ಶುಕ್ರವಾರ ಸಂಜೆ ರೈಲು ಹತ್ತಿ ಬರುತ್ತೇನೆ, ಭಾನುವಾರ ಸಂಜೆ ಮತ್ತೆ ರೈಲು. ಅಪ್ಪ ಯಾವಾಗ ಬರುವುದು ಎಂದು ಮೇಧಾ ಕೇಳುವುದಿಲ್ಲ. ಯಾವಾಗ ಹೋಗುವುದು ಎಂದು ಕೇಳುತ್ತಾಳೆ, ಅದೂ ಮಲಯಾಳದಲ್ಲಿ. ಹೊಟ್ಟೆ ಉರಿಯುತ್ತದೆ.

ಕೃಪಾಳ ಕಂಪೆನಿಗೆ ತಿರುವನಂತಪುರದಲ್ಲೂ ಕಚೇರಿ ಇದೆ. ವರ್ಗ ಕೇಳಿ ಕೇಳಿ ನಮಗೆ ಸಾಕಾಗಿತ್ತು. ಈ ಸಲ ಅವಳ ಮ್ಯಾನೇಜರ್ ಜೋಸೆಫ್, ಈ ತಿಂಗಳು ಒಂದೂ ತಪ್ಪಿಲ್ಲದೆ ಕಳೆದರೆ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದ.

ಕೆಲಸವೇನು ಕೇಳಿ. ಇಂಗ್ಲೆಂಡಿನಲ್ಲಿ ದನಗಳಿಗೆ ಕ್ಷಯ ಬರುತ್ತದಂತೆ, ಅದನ್ನು ಹಬ್ಬಿಸುವುದರಲ್ಲಿ ಈ ಬ್ಯಾಡ್ಜರಿನ ಪಾಲೂ ಉಂಟಂತೆ. ಹಾಗಾಗಿ ಪಂಜರ ಇಟ್ಟು ಹಿಡಿದು ಗುಂಡು ಹಾಕುತ್ತಾರೆ. ರೈತರು ಕೊಲ್ಲಿ ಎನ್ನುತ್ತಾರೆ, ಪ್ರಾಣಿಪ್ರಿಯರು ಕೊಲ್ಲಬೇಡಿ ಎಂದು ಬೀದಿಗಿಳಿಯುತ್ತಾರೆ, ಪಕ್ಷಗಳು ವೋಟು ಯಾವ ಕಡೆ ಎಂದು ನೋಡುತ್ತವೆ. ಅಲ್ಲಿನ ಪಂಜರಗಳ ಮುಂದೆ ಕ್ಯಾಮೆರಾ ಕಟ್ಟಿ, ಅದನ್ನು ನೋಡಿಕೊಂಡು ಕೂರುವ ಕೆಲಸವನ್ನು ಕೊಚ್ಚಿಗೆ ಕೊಟ್ಟಿದ್ದಾರೆ. ಅವರ ನಡುರಾತ್ರಿ ನಮ್ಮ ಬೆಳಗಿನ ಕಾಫಿ ಹೊತ್ತು. ಬ್ಯಾಡ್ಜರ್ ಬಿದ್ದರೆ ಒಂದು ಬಟನ್, ಅದನ್ನು ಪಂಜರದಿಂದ ಬಿಡಿಸಲು ಮನುಷ್ಯರು ಬಂದರೆ ಕೆಂಪು ಬಟನ್. ಅದನ್ನು ಒತ್ತಿದರೆ ಅಲ್ಲಿನ ಕಾವಲಿನವರು ಓಡಿ ಬರುತ್ತಾರೆ.

ಶನಿವಾರ ಅವಳಿಗೆ ಮನೆಯಿಂದಲೇ ಕೆಲಸ. ನಾನು ಪುಟ್ಟು ಕಡಲೆ ತಿನ್ನುತ್ತಾ ಅವಳ ಹಿಂದೆ ಕುಳಿತಿದ್ದೆ, ಹಾಗೆ ಕೂರಬಾರದೆಂಬ ನಿಯಮ ಇದ್ದರೂ. ಪರದೆಯಲ್ಲಿ ಪಂಜರ, ಅದರ ಮೂಲೆಯಲ್ಲಿ ಮುಖಕ್ಕೆ ಕಪ್ಪುಬಿಳಿ ಪಟ್ಟೆಯ ಗಿಡ್ಡ ಪ್ರಾಣಿ. ಆಗ ಟಾರ್ಚು ಹಿಡಿದು ಒಬ್ಬ ಮುದುಕಿ ಬಂದಳು. ಒಬ್ಬಳೇ. ಮಂಡಿಯೂರಲು ಕಷ್ಟಪಟ್ಟು, ಕಡೆಗೆ ನೆಲದ ಮೇಲೇ ಕುಳಿತು, ತಂತಿ ಕತ್ತರಿಸಿ ಬಾಗಿಲು ಎತ್ತಿ ಹಿಡಿದಳು.

ಪ್ರಾಣಿ ಹೊರಗೆ ಬರಲಿಲ್ಲ. ಇನ್ನಷ್ಟು ಮೂಲೆಗೆ ಒತ್ತಿಕೊಂಡಿತು. ಮುದುಕಿ ಏನೋ ಹೇಳುತ್ತಿದ್ದಳು, ಮಗುವಿಗೆ ಹೇಳಿದ ಹಾಗೆ. ಶಬ್ದ ನಮಗೆ ಕೇಳಿಸದು.

ಕೃಪಾಳ ಬೆರಳು ಕೆಂಪು ಬಟನ್ನಿನ ಮೇಲೆ ಹಾಗೇ ನಿಂತಿತ್ತು.

"ನಮ್ಮ ಅಮ್ಮನ ಪ್ರಾಯ ಮಾರಾಯ್ರೆ," ಎಂದಳು. "ಅದು ಹೊರಗೆ ಹೋಗಲಿ, ಆಮೇಲೆ ಒತ್ತುತ್ತೇನೆ."

"ತಡ ಮಾಡಿದ್ದು ಅವರಿಗೆ ಗೊತ್ತಾಗ್ತದೆ. ತಿರುವನಂತಪುರಕ್ಕೆ ಬರ್ಲಿಕ್ಕೆ ಮನಸ್ಸುಂಟಾ ಇಲ್ವಾ ನಿನಗೆ?"

ಅವಳು ಒತ್ತಿದಳು. ಇಬ್ಬರು ಗಂಡಸರು ಬಂದರು. ಮುದುಕಿ ಓಡಲಿಲ್ಲ, ಓಡುವ ಕಾಲೂ ಅಲ್ಲ ಅವು. ಒಬ್ಬ ಅವಳನ್ನು ತೋಳು ಹಿಡಿದು ಎಬ್ಬಿಸಿದ, ಇನ್ನೊಬ್ಬ ಪಂಜರದ ಬಾಗಿಲನ್ನು ಇಳಿಸಿದ. ಅಲ್ಲಿ ಬೆಳಗಾದ ಮೇಲೆ ಆ ಪ್ರಾಣಿಗೆ ಏನಾಯಿತೆಂದು ನಾವು ಮಾತಾಡಲಿಲ್ಲ. ಪುಟ್ಟು ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳು, ನಾನು ಪೂರ್ತಿ ತಿಂದೆ.

ಸೋಮವಾರ ಜೋಸೆಫ್ ಅವಳನ್ನು ಎಲ್ಲರೆದುರು ಹೊಗಳಿದನಂತೆ. ಲಂಡನ್ನಿನಿಂದ ಮೆಚ್ಚುಗೆ ಬಂತಂತೆ. ಆಮೇಲೆ ಪಕ್ಕಕ್ಕೆ ಕರೆದು, ವರ್ಗ ಸದ್ಯಕ್ಕಿಲ್ಲ ಎಂದನಂತೆ. ಮನುಷ್ಯರನ್ನು ಹಿಡಿದುಕೊಟ್ಟವರೇ ಕೇಸಿಗೆ ಸಾಕ್ಷಿ. ಕೇಸು ಮುಗಿಯುವ ತನಕ ಸಾಕ್ಷಿಯನ್ನು ಆ ತಂಡದಿಂದ ಕದಲಿಸುವ ಹಾಗಿಲ್ಲ, ಅದು ಅಲ್ಲಿನವರ ಕರಾರು. ಮೊದಲೇ ಬೊಗಳಬಾರದಿತ್ತೇ ಇದನ್ನು? ಯಾರೂ ಈ ತನಕ ಮನುಷ್ಯರನ್ನು ಹಿಡಿದುಕೊಟ್ಟಿರಲಿಲ್ಲ, ನೆನಪಾಗಲಿಲ್ಲ ಎಂದನಂತೆ ಪುಣ್ಯಾತ್ಮ.

ಆದರೂ ಒಂದು ದಾರಿ ಇತ್ತು. ಮುದುಕಿ ತಪ್ಪೊಪ್ಪಿಕೊಂಡರೆ ಸಣ್ಣ ದಂಡದಲ್ಲಿ ಕೇಸು ಅಲ್ಲಿಗೇ ಮುಗಿಯುತ್ತದೆ. ನಾನು ರೈಲಿನಲ್ಲಿ, ಆಫೀಸಿನಲ್ಲಿ ಅದನ್ನೇ ಜಪಿಸಿದೆ. ಆನೆಗುಡ್ಡೆ ಗಣಪತಿಗೆ ಹರಕೆಯನ್ನೂ ಹೇಳಿಕೊಂಡೆ, ಇಂಗ್ಲೆಂಡಿನ ಮುದುಕಿಯ ಬುದ್ಧಿ ತಿರುಗಿಸು ಎಂದು.

ಮೊನ್ನೆ ಭಾನುವಾರ ನಾನು ಚೀಲ ಕಟ್ಟುತ್ತಿದ್ದಾಗ ಕೃಪಾ ಸುದ್ದಿ ಹೇಳಿದಳು. ಮುದುಕಿ ತಪ್ಪೊಪ್ಪಿಕೊಳ್ಳಲಿಲ್ಲ. ವಿಚಾರಣೆ ನಡೆಯಲಿ, ಕೊಲ್ಲುವುದು ಯಾಕೆ ತಪ್ಪೆಂದು ಕೋರ್ಟಿನಲ್ಲೇ ಹೇಳುತ್ತೇನೆ ಎಂದಳಂತೆ. ಸೋತರೆ ಮೇಲಿನ ಕೋರ್ಟಿಗೂ ಹೋಗುತ್ತಾಳಂತೆ. ಎಷ್ಟು ವರ್ಷವೋ ಹೇಳಲು ಬಾರದು.

ನನಗೆ ಮೈಯೆಲ್ಲ ಉರಿದುಹೋಯಿತು. ಹಾಳು ಮುದುಕಿ, ಎರಡು ಮಾತಿನಲ್ಲಿ ಮುಗಿಸುವುದಕ್ಕೇನು ಧಾಡಿ ಅವಳಿಗೆ, ಬೇಗ ಸೋತು ಸಾಯಲಿ ಎಂದು ಕೂಗಾಡಿದೆ.

ಕೃಪಾ ಮೇಧಾಳ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸಲಿಲ್ಲ.

"ನಾನೂ ಹರಕೆ ಹೇಳಿಕೊಂಡಿದ್ದೇನೆ," ಎಂದಳು. "ಅವರು ಗೆಲ್ಲಲಿ ಅಂತ. ಎಷ್ಟು ವರ್ಷ ಬೇಕಾದ್ರೂ ಆಗಲಿ."

ನಾನು ಅವಳ ಮುಖ ನೋಡಿದೆ. ತಮಾಷೆ ಅಲ್ಲ. ಅಪ್ಪನಿಗೆ ರೈಲಿಗೆ ಹೊತ್ತಾಯಿತು ಎಂದು ಮೇಧಾ ಮಲಯಾಳದಲ್ಲಿ ನೆನಪು ಮಾಡಿದಳು. ಚೀಲ ಎತ್ತಿಕೊಂಡು ಹೊರಟೆ. ಕೃಪಾ ಬಾಗಿಲ ತನಕ ಬರಲಿಲ್ಲ.