ದೊಡ್ಡನ ಹೆಸರು

ನಮ್ಮ ಅಜ್ಜನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಹಟಮಾರಿಗಳು. ಅಜ್ಜ ತೀರಿಕೊಂಡ ವರ್ಷವೇ ಇಬ್ಬರಿಗೂ ಗಂಡುಮಗು ಹುಟ್ಟಿತು. ಅಪ್ಪನ ಹೆಸರು ನನ್ನ ಮಗನಿಗೇ ಎಂದು ಇಬ್ಬರೂ ಪಟ್ಟು ಹಿಡಿದರು, ಇಬ್ಬರೂ ಬಿಡಲಿಲ್ಲ. ಒಂದೇ ಮನೆಯಲ್ಲಿ ಒಂದೇ ಹೆಸರಿನ ಎರಡು ತೊಟ್ಟಿಲು ತೂಗಿದವು. ಕೂಗಿದರೆ ಯಾರನ್ನು ಕೂಗಿದ್ದೆಂದು ತಿಳಿಯಬೇಕಲ್ಲ, ಅಜ್ಜಿ ಒಂದು ಕಾನೂನು ಮಾಡಿದಳು: ಒಂದೇ ಹೆಸರಿನವರಲ್ಲಿ ಹಿರಿಯವನು ದೊಡ್ಡ, ಕಿರಿಯವನು ಚಿಕ್ಕ. ದೊಡ್ಡಪ್ಪನ ಮಗ ನನಗಿಂತ ಕೆಲವು ತಿಂಗಳು ಮೊದಲು ಹುಟ್ಟಿದ್ದ. ಅಷ್ಟಕ್ಕೇ ನಾನು ಜೀವಮಾನವಿಡೀ ಚಿಕ್ಕನಾದೆ.

ಈ ಚಿಕ್ಕ ಅವನಿಗಿಂತ ಒಂದು ಗೇಣು ಎತ್ತರ. ನಮ್ಮಿಬ್ಬರದೂ ಒಂದೇ ಗಾಜಿನ ಅಂಗಡಿ. ಕಿಟಕಿ ಗಾಜು, ಕನ್ನಡಿ ಕತ್ತರಿಸಿ ಕೊಡುತ್ತೇವೆ. "ದೊಡ್ಡವರಿದ್ದಾರಾ?" ಎಂದು ಬಂದ ಗಿರಾಕಿ ನೇರ ನನ್ನ ಮುಂದೆ ಬಂದು ನಿಲ್ಲುತ್ತಿದ್ದ. ಆಗ ದೊಡ್ಡನು ಮೇಜಿನ ಹಿಂದಿನಿಂದ ತಲೆಯೆತ್ತಿ, "ಅದು ಚಿಕ್ಕ ಸ್ವಾಮಿ, ಅಳತೆ ತಪ್ಪಿದೆ ಅಷ್ಟೆ," ಅನ್ನುತ್ತಿದ್ದ. ಗಿರಾಕಿ ನಗುತ್ತಿದ್ದ, ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೀಸೆ ನರೆತ ಮೇಲೂ ಚಿಕ್ಕ ಅನ್ನಿಸಿಕೊಳ್ಳುವ ಕಷ್ಟ ಅನ್ನಿಸಿಕೊಂಡವನಿಗೇ ಗೊತ್ತು.

ಹೋದ ವರ್ಷ ಅವನು ಹೋಗಿಬಿಟ್ಟ. ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವನು ಏಳಲೇ ಇಲ್ಲ. ಅಗಲದ ಗಾಜನ್ನು ಸಾಗಿಸಲು ಎರಡು ತುದಿಗೂ ಜನ ಬೇಕು. ನಾನು ಹಿಮ್ಮುಖವಾಗಿ ನಡೆಯುವಾಗ ದಾರಿ ಹೇಳುತ್ತಿದ್ದವನು ಅವನೇ. ಈಗ ಆ ತುದಿಯಲ್ಲಿ ಕೆಲಸದವನಿದ್ದಾನೆ. ಒಳ್ಳೆಯವನು, ಕೈ ಗಟ್ಟಿ. ಆದರೂ ನಾನು ಹೆಜ್ಜೆಹೆಜ್ಜೆಗೂ ಹಿಂದೆ ತಿರುಗಿ ನೋಡುತ್ತೇನೆ.

ಗಿರಾಕಿಗಳು ಈಗ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಮನೆಯಲ್ಲಿ ಮಾತ್ರ ಚಿಕ್ಕನಾಗಿಯೇ ಉಳಿದೆ, ಮೊದಲ ಸಲ ಅದು ಹಿತವೆನಿಸಿತು. ಚಿಕ್ಕ ಇದ್ದಾನೆಂದರೆ ದೊಡ್ಡನೂ ಎಲ್ಲೋ ಇದ್ದಾನೆ ಅಂತ.

ಮನೆಯಲ್ಲಿ ಯಾರೂ ಹೇಳಿಕೊಡದೆ ಇನ್ನೊಂದು ಅಭ್ಯಾಸ ಶುರುವಾಯಿತು. ದೊಡ್ಡಮ್ಮನ, ಅಂದರೆ ಅವನ ತಾಯಿಯ, ಕಿವಿಗೆ ಆ ಹೆಸರು ಬೀಳಬಾರದೆಂದು ಎಲ್ಲರೂ ನಾಲಿಗೆ ಬಿಗಿಹಿಡಿದರು. ದೊಡ್ಡ ಪಾತ್ರೆ ಕೊಡು ಅನ್ನಬೇಕಾದಲ್ಲಿ 'ಆ ಪಾತ್ರೆ ಕೊಡು' ಅಂದರು. ನಾನಂತೂ ಅವಳನ್ನು ದೊಡ್ಡಮ್ಮ ಅನ್ನುವುದನ್ನೇ ಬಿಟ್ಟು ಬರೀ ಅಮ್ಮ ಎಂದು ಕರೆಯತೊಡಗಿದೆ. ಅವಳೂ ಆ ಹೆಸರೆತ್ತಲಿಲ್ಲ.

ಮೊನ್ನೆ ದೊಡ್ಡನ ಮಗಳಿಗೆ ಗಂಡುಮಗುವಾಯಿತು. ಆಸ್ಪತ್ರೆಯಿಂದ ಬಂದವಳೇ ಮಗುವನ್ನು ನನ್ನ ಮಡಿಲಿಗೆ ಹಾಕಿ, "ಚಿಕ್ಕಪ್ಪ, ಇವನಿಗೆ ಅಪ್ಪನ ಹೆಸರೇ ಇಡ್ತೀನಿ," ಅಂದಳು.

"ಇಡು ತಾಯಿ. ಮನೇಲಿ ಕರೆಯೋದು ಹೇಗೆ?"

"ಮುತ್ತಜ್ಜಿ ಮಾಡಿದ ಕಾನೂನು ಇದೆಯಲ್ಲ. ಇವನು ಚಿಕ್ಕ. ನೀವು ದೊಡ್ಡ."

ಮಗುವನ್ನು ಅವಳ ಕೈಗೆ ವಾಪಸು ಕೊಟ್ಟೆ. "ಬೇಡ. ಬೇರೆ ಯಾವುದಾದ್ರೂ ಹೆಸರು ನೋಡು."

"ನಮ್ಮಪ್ಪನ ಹೆಸರು ನನ್ನ ಮಗನಿಗೆ ಬೇಡ್ವಾ? ಅಷ್ಟು ಹೊಟ್ಟೆಕಿಚ್ಚಾ ನಿಮಗೆ?"

"ಹೊಟ್ಟೆಕಿಚ್ಚಲ್ಲ ಕಣೇ!" ನನ್ನ ದನಿ ಏರಿತು. "ಒಳಗಿರೋ ನಿಮ್ಮಜ್ಜಿ ಬಗ್ಗೆ ಯೋಚನೆ ಮಾಡಿದ್ಯಾ? ಅವಳು ಮಗನ ಹೆಸರು ಹಿಡಿದು ಕೂಗಿದ್ರೆ ನಾನು ಹೋಗಿ ಎದುರಿಗೆ ನಿಲ್ಬೇಕಾ? ಹೆತ್ತ ಕರುಳು, ಹೇಗೆ ತಡ್ಕೊಳ್ಳುತ್ತೆ?"

ಅವಳು ಅಳತೊಡಗಿದಳು. ಅವನು ಬದುಕಿದ್ದಾಗ ಆ ಹೆಸರಿಗಾಗಿ ಹಲ್ಲು ಕಡಿದವನು ನಾನು. ಈಗ ತಾನಾಗಿ ಬಂದಿತ್ತು, ನನಗೆ ಬೇಡವಾಗಿತ್ತು.

"ಏಯ್, ಬಾ ಇಲ್ಲಿ," ಎಂದು ಪಕ್ಕದ ಕೋಣೆಯಿಂದ ದೊಡ್ಡಮ್ಮ ಕರೆದಳು. ಎಲ್ಲ ಕೇಳಿಸಿಕೊಂಡಿದ್ದಳು. ಮಂಚದ ಮೇಲೆ ಕುಳಿತು ಮಗುವಿನ ಬಟ್ಟೆ ಮಡಚುತ್ತಿದ್ದಳು.

"ನನ್ನ ಕರುಳಿನ ವಿಷಯ ನಿನಗೆ ಯಾರು ಹೇಳಿದ್ದು?"

"ನಿನಗೆ ನೋವಾಗಬಾರದು ಅಂತ, ಅಮ್ಮ..."

"ನೋವು ಇದ್ದೇ ಇದೆ. ನೀವೆಲ್ಲ ಬಾಯಿ ಮುಚ್ಕೊಂಡಿದ್ದಕ್ಕೆ ಕಡಿಮೆ ಆಯ್ತಾ? ಎದ್ದರೆ ಕೂತರೆ ಕೂಗ್ತಿದ್ದ ಹೆಸರು ಅದು. ಬಾಯಿಗೆ ಬಂದಿದ್ದನ್ನ ನುಂಗಿ ನುಂಗಿ ಸಾಕಾಗಿದೆ ನನಗೆ. ಕೂಗಿದ್ರೆ ಯಾರೂ ಓ ಅನ್ನಲ್ವಲ್ಲ ಅಂತ ಭಯ." ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ಹೊರಗೆ ಹೋಗಿ ನಿಲ್ಲು. ಕೂಗ್ತೀನಿ."

"ಈಗ್ಲೇನಾ?"

"ಇನ್ನೆಷ್ಟು ವರ್ಷ ಬದುಕ್ತೀನಿ ಅಂದ್ಕೊಂಡಿದೀಯ? ಹೋಗು."

ಹೋಗಿ ಹಜಾರದಲ್ಲಿ ನಿಂತೆ. ದೊಡ್ಡನ ಮಗಳು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಆಮೇಲೆ "ದೊಡ್ಡಾ" ಎಂಬ ದನಿ ಒಳಗಿನಿಂದ ಮೆಲ್ಲಗೆ ಬಂತು, ಅರ್ಧಕ್ಕೇ ಒಡೆಯಿತು. ಓಗೊಟ್ಟರೆ ಅವನನ್ನು ನಾನೇ ಕಳಿಸಿಕೊಟ್ಟಂತೆ ಅನ್ನಿಸಿ ಸುಮ್ಮನೆ ನಿಂತೆ.

"ದೊಡ್ಡಾ!" ಈ ಸಲ ದನಿಯಲ್ಲಿ ಗದರಿಕೆ ಇತ್ತು. ಊಟಕ್ಕೆ ಎಷ್ಟು ಕರೆದರೂ ಏಳದ ಮಗನ ಮೇಲಿನ ಗದರಿಕೆ.

"ಓ," ಅಂದೆ. "ಬಂದೆ."

ಒಳಗೆ ಹೋದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ನನ್ನ ಮುಖವನ್ನೇ ನೋಡಿದಳು, ಕಣ್ಣು ತಪ್ಪಿಸಲಿಲ್ಲ. ಆಮೇಲೆ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಏನು ಬೇಕಿತ್ತು, ದೊಡ್ಡಮ್ಮ?"

"ಏನಿಲ್ಲ. ಸುಮ್ನೆ ಕೂಗಿದೆ."

ನನ್ನ ಕೈ ಬಿಡದೆ, ಬಾಗಿಲ ಕಡೆ ನೋಡುತ್ತ ಮತ್ತೊಮ್ಮೆ ಕೂಗಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಆದರೂ ಓಗೊಟ್ಟೆ.